ಲೇಕ್ ಪ್ಲೆಸೆಂಟ್‌ನಲ್ಲಿ ಬೇಸಿಗೆಯಲ್ಲಿ ದೋಣಿ ಬಾಡಿಗೆಗೆ ಪಡೆಯುವವರ ಗಮನಕ್ಕೆ

ಅರಿಜೋನಾದ ಫೀನಿಕ್ಸ್ ನಗರದ ವಾಯವ್ಯಕ್ಕಿರುವ ಲೇಕ್ ಪ್ಲೆಸೆಂಟ್‌ಗೆ ಜುಲೈ, ಆಗಸ್ಟ್ ತಿಂಗಳಲ್ಲಿ ದೋಣಿವಿಹಾರಕ್ಕೆ ಹೊರಟಿರುವ ಕನ್ನಡಿಗರು, ಅದರಲ್ಲೂ ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು, ಬಾಡಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ.

ಕಳೆದ ಜುಲೈನಲ್ಲಿ ನಾವು ಮಧ್ಯಾಹ್ನದಿಂದ ಸಂಜೆಯವರೆಗೆ ಪಾಂಟೂನ್ ದೋಣಿಯೊಂದನ್ನು (ತೇಲುವ ಕೊಳವೆಗಳ ಮೇಲೆ ಚಪ್ಪಟೆ ಹಲಗೆ ಕೂರಿಸಿದ ದೋಣಿ) ಪಡೆದಿದ್ದೆವು. ನೀರು ಎಲ್ಲಿ ಆಳವಿಲ್ಲವೆಂದು ಕೇಳಿದಾಗ, ಬಾಡಿಗೆ ಕೊಟ್ಟವರು ದಡದಿಂದ ದೂರವಿದ್ದರೆ ಸಾಕೆಂದರೇ ಹೊರತು ನಕ್ಷೆಯನ್ನೂ ಕೊಡಲಿಲ್ಲ, ಅಂದಿನ ನೀರಿನ ಮಟ್ಟವನ್ನೂ ಹೇಳಲಿಲ್ಲ. ದಡದಿಂದ ಸಾಕಷ್ಟು ದೂರದಲ್ಲಿಯೇ ಪ್ರೊಪೆಲ್ಲರ್ ಬಂಡೆಗೆ ಬಡಿಯಿತು.

ಮಳೆಗಾಲದಲ್ಲಿ ತುಂಬುವ ಕನ್ನಂಬಾಡಿ ಕಟ್ಟೆಯನ್ನು ನೋಡಿ ಬೆಳೆದವರಿಗೆ ಈ ಜಲಾಶಯದ ಲೆಕ್ಕ ತಲೆಕೆಳಗಾಗಿ ಕಾಣುತ್ತದೆ. ಅಣೆಕಟ್ಟು ಆಗ್ವಾ ಫ್ರಿಯಾ ನದಿಯ ಮೇಲಿದ್ದರೂ ಇಲ್ಲಿನ ನೀರು ಬಹುಪಾಲು ಕೊಲೊರಾಡೊ ನದಿಯದು. ಅದನ್ನು ಕಾಲುವೆಯಲ್ಲಿ ತಂದು, ಚಳಿಗಾಲದಲ್ಲಿ ಪಂಪ್ ಮಾಡಿ ತುಂಬಿಸಿಟ್ಟು, ನೀರಿಗೂ ವಿದ್ಯುತ್ತಿಗೂ ಬೇಡಿಕೆ ಏರುವ ಬೇಸಿಗೆಯಲ್ಲಿ ಹೊರಬಿಡುತ್ತಾರೆ. ಆದ್ದರಿಂದ ಮಾರ್ಚ್‌ನಲ್ಲಿ ಆಳದಲ್ಲಿ ಮುಳುಗಿದ್ದ ಗುಡ್ಡದ ನೆತ್ತಿ ಬೇಸಿಗೆ ಕಳೆಯುವಷ್ಟರಲ್ಲಿ ದೋಣಿಯ ತಳಕ್ಕೆ ತಗಲುವಷ್ಟು ಮೇಲಿರಬಹುದು. ದಡದ ಬಂಡೆಗಳ ಮೇಲಿನ ಬಿಳಿಯ ಪಟ್ಟೆ ನೀರು ಎಷ್ಟು ಇಳಿದಿದೆಯೆಂಬುದನ್ನು ತೋರಿಸುತ್ತದೆ. ಚಿತ್ರ ತೆಗೆಯಲು ಚೆನ್ನಾಗಿರುವ ಆ ಪಟ್ಟೆಯ ಅರ್ಥವನ್ನು ನಮಗೆ ಯಾರೂ ತಿಳಿಸಲಿಲ್ಲ.

ಪ್ರೊಪೆಲ್ಲರ್ ಸೊಟ್ಟಗಾಗಿ ದೋಣಿ ತೆವಳುತ್ತಿದ್ದಾಗಲೇ ಗಾಳಿಯೆದ್ದಿತು. ಅರಿಜೋನಾದ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಎಂದು ಲೆಕ್ಕ. ಇಲ್ಲಿ ಅದು ನಮ್ಮ ಜಡಿಮಳೆಯಂತಲ್ಲದೆ, ಬಿಸಿಲು ಕಾದ ಮೇಲೆ ಮಧ್ಯಾಹ್ನ ಅಥವಾ ಸಂಜೆ ದಿಢೀರನೆ ಗುಡುಗು, ಧೂಳು, ಬಿರುಗಾಳಿಯಾಗಿ ಬರುತ್ತದೆ. ಮೇಲೆ ನೆರಳಿನ ಬಟ್ಟೆ ಕಟ್ಟಿದ ಪಾಂಟೂನ್ ಗಾಳಿಗೆ ಸಿಕ್ಕರೆ ಅದನ್ನು ತಿರುಗಿಸುವುದೇ ಕಷ್ಟ. ಕಾನೂನಿನ ಪ್ರಕಾರ ಹನ್ನೆರಡು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳು ಲೈಫ್ ಜಾಕೆಟ್ ತೊಡಲೇಬೇಕು. ಈಜು ಬಾರದ ಅತ್ತೆ ಮಾವನಿಗೂ ಮೊದಲೇ ತೊಡಿಸಿದ್ದುದರಿಂದ ಉಸಿರಾಡುವಂತಾಯಿತು. ದಡದಲ್ಲಿ ಬಿಟ್ಟಿದ್ದ ಗುಡಾರ ಮುರಿದಿತ್ತು. ಠೇವಣಿಯಲ್ಲಿ ಹೆಚ್ಚಿನ ಭಾಗ ಪ್ರೊಪೆಲ್ಲರ್‌ಗೆ ಹೋಯಿತು. ನಾವು ಪ್ರತ್ಯೇಕವಾಗಿ ಹಣ ಕೊಟ್ಟಿದ್ದ ವಿಮೆಗೆ ಅದು ಒಳಪಡುವುದಿಲ್ಲವೆಂದು ಹಿಂದಿರುಗಿದ ಮೇಲೆ ತಿಳಿಸಿದರು.

ದೋಣಿ ಬೇಕೇ ಬೇಕೆಂದರೆ ಬೆಳಗಿನ ಹೊತ್ತಿಗೆ ಪಡೆದು ಮಧ್ಯಾಹ್ನಕ್ಕೆ ಮರಳಿ. ಹೊರಡುವ ಮುನ್ನ ಎಂಜಿನ್ ಮೇಲೆತ್ತಿಸಿ ಪ್ರೊಪೆಲ್ಲರ್‌ನ ಚಿತ್ರ ತೆಗೆದುಕೊಳ್ಳಿ, ಅಂದಿನ ನೀರಿನ ಮಟ್ಟವನ್ನು ಕೇಳಿ, ಪ್ರೊಪೆಲ್ಲರ್‌ನ ಹಾನಿ ಯಾರ ಹೊಣೆಯೆಂಬುದನ್ನು ಬರಹದಲ್ಲಿ ಪಡೆಯಿರಿ. ಕೊಡದಿದ್ದರೆ ಆ ಬಾಡಿಗೆಯನ್ನೇ ಬಿಡಿ.