ಹೋಂಸ್ಕೂಲಿಂಗ್‌ಗೆ ಟೀಚರ್ ಪ್ಲಾನರ್: ಎರಡನೆಯದು ಅರ್ಧ ಮುಗಿದ ಮೇಲೆ ಬರೆದದ್ದು

ಮೊದಲೇ ಹೇಳಿಬಿಡುತ್ತೇನೆ. ಟೀಚರ್ ಪ್ಲಾನರ್ ಅಂದರೆ ಶಾಲೆಯ ಶಿಕ್ಷಕರು ವಾರವಾರದ ಪಾಠ ಬರೆದಿಟ್ಟುಕೊಳ್ಳುವ ಅಚ್ಚಿನ ಪುಸ್ತಕ. ಮನೆಯಲ್ಲಿ ಮಕ್ಕಳಿಗೆ ಕಲಿಸುವವರು ನೀವೊಬ್ಬರೇ ಆಗಿದ್ದರೆ ಅದಕ್ಕೆ ದುಡ್ಡು ಹಾಕಬೇಡಿ. ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಒಂದು ಸ್ಕೇಲು ಸಾಕು. ಇಬ್ಬರು ಮೂವರು ಹಂಚಿಕೊಂಡು ಕಲಿಸುವ ಮನೆಯಾದರೆ ಮಾತ್ರ ಇದು ಬೇಕು, ಆಗ ನಿಜವಾಗಿಯೂ ಬೇಕು.

ನಮ್ಮದು ಅಂಥ ಮನೆ. ಊರು ಧಾರವಾಡ, ಇರುವುದು ಪುಣೆಯ ಪಕ್ಕದ ಚಿಂಚವಡದಲ್ಲಿ. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ಬೆಳಗಿನ ಪಾಠ ನನ್ನದು. ಗಣಿತ ನಮ್ಮ ಯಜಮಾನರದು. ಅವರು ಭೋಸರಿಯ ಕಾರ್ಖಾನೆಯೊಂದರಲ್ಲಿದ್ದಾರೆ. ಆ ಕಡೆಯ ಎಷ್ಟೋ ಕಾರ್ಖಾನೆಗಳ ಹಾಗೆ ಅವರಿಗೂ ವಾರದ ರಜೆ ಗುರುವಾರ. ಕನ್ನಡ ನಮ್ಮ ಅವ್ವನದು, ಧಾರವಾಡದಿಂದ ವಿಡಿಯೋ ಕಾಲ್‌ನಲ್ಲಿ. ಒಬ್ಬರು ಎಲ್ಲಿಗೆ ಬಿಟ್ಟರು ಅಂತ ಇನ್ನೊಬ್ಬರಿಗೆ ಗೊತ್ತಾಗಬೇಕಲ್ಲ, ಪ್ಲಾನರ್ ಬಂದದ್ದು ಅದಕ್ಕೆ.

ಅಂಗಡಿಯಲ್ಲಿ ಮೂರ್ನಾಲ್ಕು ಕಂಪನಿಗಳದು ಸಿಗುತ್ತದೆ. ಒಳಗಿನ ಅಚ್ಚು ಹೆಚ್ಚುಕಮ್ಮಿ ಒಂದೇ. ಪುಸ್ತಕ ಬಿಡಿಸಿದರೆ ಎದುರುಬದುರು ಎರಡು ಪುಟಗಳಲ್ಲಿ ಒಂದು ವಾರ. ಮೇಲೆ ಸೋಮವಾರದಿಂದ ಶುಕ್ರವಾರ, ಎಡಕ್ಕೆ ಏಳು ಪೀರಿಯಡ್‌ಗಳ ಸಾಲು. ಇಂಥ 40 ವಾರ. ಹಿಂದೆ ಮುಂದೆ ತಿಂಗಳ ಕ್ಯಾಲೆಂಡರ್, ಹಾಜರಿ ಪಟ್ಟಿ, ಅಂಕಗಳ ಪುಟ, ಮಕ್ಕಳು ಕೂರುವ ಜಾಗದ ನಕ್ಷೆ, ಪಾಲಕರ ಜೊತೆ ಮಾತಾಡಿದ್ದನ್ನು ಬರೆಯುವ ಪುಟ. ಈ ಕೊನೆಯದನ್ನು ನೋಡಿ ನಾನೂ ಯಜಮಾನರೂ ಸಿಕ್ಕಾಪಟ್ಟೆ ನಕ್ಕೆವು.

ತಾರೀಖು ಅಚ್ಚಾಗದೇ ಇರುವುದನ್ನೇ ತೊಗೊಳ್ಳಿ. ತಾರೀಖು ಇರುವವು ಕೆಲವು ಏಪ್ರಿಲ್‌ನಿಂದ ಶುರುವಾಗುತ್ತವೆ, ಹೊರದೇಶದವು ಜುಲೈ ಆಗಸ್ಟ್‌ನಿಂದ. ಮಹಾರಾಷ್ಟ್ರದ ಶಾಲೆಗಳು ತೆರೆಯುವುದು ಜೂನ್ ಮಧ್ಯದಲ್ಲಿ. ನಮಗಂತೂ ಯಾವ ಗಂಟೆಯೂ ಬಾರಿಸುವುದಿಲ್ಲ.

ಪೀರಿಯಡ್‌ಗಳ ಸಾಲನ್ನು ನಾವು ಸಮಯಕ್ಕೆ ಬಳಸುವುದಿಲ್ಲ, ವಿಷಯಕ್ಕೆ ಬಳಸುತ್ತೇವೆ. ಮೇಲಿನ ನಾಲ್ಕು ಸಾಲು ಮಗಳದು, ಕೆಳಗಿನ ಮೂರು ಮಗನದು. ಒಂಬತ್ತು ಗಂಟೆಗೆ ಗಣಿತ, ಹತ್ತಕ್ಕೆ ಇಂಗ್ಲಿಷ್ ಅಂತ ಬರೆದರೆ ಹಾಲಿನವನು ಬಂದ ಕೂಡಲೇ ಎಲ್ಲ ಏರುಪೇರು. ವಿಷಯದ ಪ್ರಕಾರ ಬರೆದರೆ ದಿನ ಮುಗಿಯುವಷ್ಟರಲ್ಲಿ ಆದರೆ ಆಯಿತು.

ಬರೆಯುವ ರೀತಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಪ್ಲಾನರ್ ಉಪಯೋಗಕ್ಕೆ ಬರುವುದೂ ಬರದಿರುವುದೂ ಅಲ್ಲೇ. 'ಭಿನ್ನರಾಶಿ, ಪುಟ ಇಷ್ಟರಿಂದ ಇಷ್ಟು' ಅಂತ ಬರೆದರೆ ಅದು ನನಗೆ ಮಾತ್ರ ಅರ್ಥವಾಗುತ್ತದೆ. ಹೋದ ತಿಂಗಳು ಒಂದು ಬುಧವಾರದ ಚೌಕದಲ್ಲಿ ನಾನು ಬರೆದದ್ದು ಹೀಗಿದೆ: '3/4, 5/8 ಯಾವುದು ದೊಡ್ಡದು? 5/8 ಅಂತಾಳೆ. ಮೇಲೂ ಕೆಳಗೂ ದೊಡ್ಡ ಅಂಕಿ ಇದೆಯಂತೆ. ಕಾಗದ ಮಡಚಿ ತೋರಿಸಿಲ್ಲ.' ಮರುದಿನ ಗುರುವಾರ. ಯಜಮಾನರು ಚಹಾ ಕುಡಿಯುತ್ತಾ ಅದನ್ನು ಓದಿದರು. ಹಳೆಯ ಪೇಪರ್ ತಂದು ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದನ್ನು ನಾಲ್ಕು ಪಾಲು, ಇನ್ನೊಂದನ್ನು ಎಂಟು ಪಾಲು ಮಡಚಿಸಿದರು. ನಾಲ್ಕರಲ್ಲಿ ಮೂರು ಪಾಲು ಅಂದರೆ ಎಂಟರಲ್ಲಿ ಆರು ಅಂತ ಹುಡುಗಿಗೆ ತಾನಾಗಿಯೇ ಕಂಡಿತು. ಅಡುಗೆಮನೆಯಿಂದ ನಾನು ಒಂದು ಮಾತೂ ಆಡಬೇಕಾಗಲಿಲ್ಲ. ಮೊದಲಾಗಿದ್ದರೆ 'ಎಲ್ಲಿಗೆ ಬಂತು, ಏನು ಬರ್ತಿಲ್ಲ ಅವಳಿಗೆ' ಅಂತ ಕೇಳುವುದರಲ್ಲೇ ಅರ್ಧ ತಾಸು ಹೋಗುತ್ತಿತ್ತು.

ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ. ಏನು ಕಲಿಸಬೇಕು ಅಂತ ಪೆನ್ಸಿಲ್‌ನಲ್ಲಿ ಒಂದು ಸಾಲು. ಪಾಠ ಆದ ಮೇಲೆ ಎಲ್ಲಿ ಸಿಕ್ಕಿಬಿತ್ತು ಅಂತ ಪೆನ್ನಿನಲ್ಲಿ ಎರಡು ಸಾಲು. ಎರಡನೆಯದು ಮುಖ್ಯ.

ಅವ್ವನ ಕನ್ನಡ ಪಾಠಕ್ಕೆ ಭಾನುವಾರ ರಾತ್ರಿ ಮಗಳು ಆ ವಾರದ ಪುಟದ ಫೋಟೋ ತೆಗೆದು ವಾಟ್ಸ್ಯಾಪ್ ಮಾಡುತ್ತಾಳೆ. ಪುಸ್ತಕ ಬಾಲಭಾರತಿಯದೇ. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಿಗಾಗಿ ಮಹಾರಾಷ್ಟ್ರದ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮಾಡುತ್ತದೆ. 1967ರಲ್ಲಿ ಶುರುವಾದ ಸಂಸ್ಥೆ, ಆಫೀಸು ಇಲ್ಲೇ ಸೇನಾಪತಿ ಬಾಪಟ್ ರಸ್ತೆಯಲ್ಲಿ. ಪಿಡಿಎಫ್ ಅವರ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅವ್ವ ಅಲ್ಲಿ ಪ್ರಿಂಟ್ ಹಾಕಿಸಿಕೊಂಡಿದ್ದಾಳೆ, ಇಲ್ಲಿ ನಮ್ಮ ಹತ್ತಿರವೂ ಒಂದು ಇದೆ. ಒಮ್ಮೆ ಕನ್ನಡದ ಸಾಲು ಬರೆಯದೇ ಫೋಟೋ ಹೋಯಿತು. ತಕ್ಷಣ ಫೋನು. "ಯಾಕವಾ, ನನ್ನ ಮನೀ ಖಾಲಿ ಬಿಟ್ಟೀರಲ್ಲ? ನನಗ ಈ ವಾರ ಸೂಟಿ ಏನು?" ಮಗಳು ಆಮೇಲೆ ಆ ಸಾಲು ತುಂಬಿಸದೇ ಫೋಟೋ ತೆಗೆದದ್ದೇ ಇಲ್ಲ.

ಫೋನಿನ ಆ್ಯಪ್ ಇದನ್ನೇ ಮಾಡುವುದಿಲ್ಲವಾ ಅಂತ ಕೇಳುತ್ತಾರೆ. ಮಾಡುತ್ತದೆ, ಆದರೆ ಫೋನು ನನ್ನ ಜೊತೆ ಮಾರ್ಕೆಟ್ಟಿಗೆ ಬರುತ್ತದೆ. ಪ್ಲಾನರ್ ಊಟದ ಮೇಜಿನ ಮೇಲೆ ಬಿಚ್ಚಿಕೊಂಡೇ ಇರುತ್ತದೆ. ನಾನು ಮನೆಯಲ್ಲಿ ಇಲ್ಲದಾಗ ಮಗಳು ತಾನೇ ನೋಡಿ ತನ್ನ ಸಾಲಿನ ಕೆಲಸ ಶುರು ಮಾಡುತ್ತಾಳೆ. ಮಗನೂ ನೋಡುತ್ತಾನೆ, ಯಾವುದನ್ನು ತಪ್ಪಿಸಬಹುದು ಅಂತ.

ಈಗ ತಕರಾರು. ಮೊದಲನೆಯದು, ದಿನಗಳ ಹೆಸರು ಅಚ್ಚಾಗಿರುವುದು. ನಮ್ಮ ವಾರ ಶುಕ್ರವಾರಕ್ಕೆ ಶುರು, ಗುರುವಾರಕ್ಕೆ ಮುಕ್ತಾಯ. ಶನಿವಾರ, ಭಾನುವಾರ ನಮಗೆ ಕೆಲಸದ ದಿನ. ಪ್ಲಾನರ್‌ನಲ್ಲಿ ಅವೆರಡಕ್ಕೂ ಸೇರಿ ಬಲತುದಿಯಲ್ಲಿ ಒಂದು ಬೆರಳಗಲದ ಪಟ್ಟಿ. ಪ್ರತಿ ವಾರ ಸೋಮವಾರದ ಮೇಲೆ 'ಶುಕ್ರ' ಅಂತ ಚೀಟಿ ಅಂಟಿಸಿಕೊಂಡು ಬರುತ್ತಿದ್ದೇನೆ. ದಿನದ ಜಾಗ ಖಾಲಿ ಬಿಟ್ಟಿದ್ದರೆ ಕಂಪನಿಯವರ ಗಂಟೇನು ಹೋಗುತ್ತಿತ್ತು?

ಎರಡನೆಯದು ಚೌಕದ ಅಳತೆ. ಇಂಗ್ಲಿಷ್ ಅಕ್ಷರಕ್ಕೆ ಸರಿಯಾಗಿ ಗೆರೆ ಎಳೆದಿದ್ದಾರೆ. ಕನ್ನಡ ಬರೆದರೆ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿಯುತ್ತದೆ, 'ಸ್ತ್ರೀ' ಅಂತ ಬರೆದರಂತೂ ಎರಡು ಗೆರೆ ಹೋಯಿತು. ಗೆರೆ ಇಲ್ಲದ ಚೌಕದ ಪ್ಲಾನರ್‌ಗಳೂ ಇವೆ, ಈ ಸಲ ಅದನ್ನೇ ತಂದಿದ್ದೇನೆ. ತುಂಬ ವಾಸಿ.

ಮೂರನೆಯದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕಾಗದ ಎಲ್ಲ ಮೆತ್ತಗಾಗುತ್ತದೆ. ತೆಳು ಹಾಳೆಯಲ್ಲಿ ಜೆಲ್ ಪೆನ್ನಿನ ಶಾಯಿ ಹಿಂದಿನ ಪುಟಕ್ಕೆ ಹಾಯುತ್ತದೆ. ಬಾಲ್ ಪೆನ್ನೇ ಒಳ್ಳೆಯದು. ಮೊದಲ ಪ್ಲಾನರ್‌ನ ರಟ್ಟು ಮೇಲಕ್ಕೆ ಸುರುಳಿ ಹೊಡೆದು, ತಂತಿಗೂ ತುಕ್ಕು ಬಂತು. ತಂತಿಯ ತುದಿ ಮಗನ ಸ್ವೆಟರ್‌ಗೆ ಸಿಕ್ಕಿ ದಾರ ಎಳೆದದ್ದು ಬೇರೆ. ಪ್ಲಾಸ್ಟಿಕ್ ರಟ್ಟಿನದು ಇಪ್ಪತ್ತು ಮೂವತ್ತು ರೂಪಾಯಿ ಜಾಸ್ತಿ ಆದರೂ ಅದನ್ನೇ ತೊಗೊಳ್ಳಿ.

ಹಾಜರಿ ಪಟ್ಟಿ ವ್ಯರ್ಥ ಅಂದುಕೊಂಡಿದ್ದೆ. ಈಗ ಅದು ಮಗ್ಗಿಯ ಪಟ್ಟಿ. ಎಡಕ್ಕೆ 2ರಿಂದ 20ರವರೆಗೆ ಮಗ್ಗಿ, ಯಾವ ದಿನ ತಪ್ಪಿಲ್ಲದೆ ಹೇಳಿದರೋ ಆ ದಿನಕ್ಕೆ ಗುರುತು. 13 ಮತ್ತು 17ರ ಸಾಲುಗಳು ಬಹಳ ದಿನ ಬಿಕೋ ಅನ್ನುತ್ತಿದ್ದವು. ಕೂರುವ ಜಾಗದ ನಕ್ಷೆಯನ್ನು ಮಗ ರೈಲಿನ ಡಬ್ಬಿಗಳನ್ನಾಗಿ ಮಾಡಿದ್ದಾನೆ, ಎಂಜಿನ್ ಮೇಷ್ಟ್ರ ಮೇಜು.

ತಿಂಗಳ ಕ್ಯಾಲೆಂಡರ್ ಮಾತ್ರ ನಿಜವಾಗಿ ಕೆಲಸಕ್ಕೆ ಬರುತ್ತದೆ. ಜ್ಯೇಷ್ಠದ ಕೃಷ್ಣಪಕ್ಷದಲ್ಲಿ ದೇಹು, ಆಳಂದಿಯಿಂದ ಪಂಢರಪುರಕ್ಕೆ ಪಾಲಖಿ ಹೊರಟಾಗ ರಸ್ತೆಗಳು ಬಂದ್. ಆ ದಿನಗಳಲ್ಲಿ ಹೊರಗಿನ ಕ್ಲಾಸು ಇಟ್ಟುಕೊಳ್ಳಬಾರದು. ಗಣಪತಿಯ ಹತ್ತು ದಿನ ಮಕ್ಕಳ ಮನಸ್ಸು ಮಂಟಪದಲ್ಲಿ. ಫೆಬ್ರವರಿ 28ಕ್ಕೆ ವಿಜ್ಞಾನ ದಿನ. ಆ ಹೊತ್ತಿಗೆ ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ ರೇಡಿಯೋ ದೂರದರ್ಶಕ ಕೇಂದ್ರವನ್ನು ಜನರಿಗೆ ತೆರೆಯುತ್ತಾರೆ. ಅಲ್ಲೂ ಸುತ್ತಮುತ್ತಲೂ ಸೇರಿ 45 ಮೀಟರ್ ಅಗಲದ 30 ಆಂಟೆನಾಗಳಿವೆ. ಆ ವಾರ ವಿಜ್ಞಾನದ ಸಾಲು ಪೂರ್ತಿ ಅದಕ್ಕೇ ಬಿಟ್ಟಿದ್ದೆ. ವರ್ತುಲದ ಪರಿಧಿಯ ಲೆಕ್ಕವೂ ಅಲ್ಲೇ ಆಯಿತು.

ದೊಡ್ಡ ಕೊರತೆ ಒಂದಿದೆ. ಈ ಪ್ಲಾನರ್ ವಾರವನ್ನು ಮಾತ್ರ ತೋರಿಸುತ್ತದೆ, ವರ್ಷವನ್ನಲ್ಲ. ಮಗಳನ್ನು ಮುಂದೆ ಎನ್‌ಐಓಎಸ್‌ನಲ್ಲಿ, ಅಂದರೆ ಶಾಲೆಗೆ ಹೋಗದೆಯೂ ಪರೀಕ್ಷೆ ಬರೆಯಬಹುದಾದ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ, ಕೂರಿಸುವ ಯೋಚನೆ ನಮ್ಮದು. ಅವರ ಓಬಿಇಯಲ್ಲಿ (ಎಂಟನೆಯ ತರಗತಿವರೆಗಿನ ಮುಕ್ತ ಶಿಕ್ಷಣ) 'ಎ' ಹಂತ ಮೂರನೆಯ ತರಗತಿಗೆ ಸಮ, 'ಬಿ' ಐದಕ್ಕೆ, 'ಸಿ' ಎಂಟಕ್ಕೆ. ಅಂದರೆ ಒಂದು ಹಂತಕ್ಕೆ ಎರಡು ಮೂರು ವರ್ಷದ ಪಾಠ. ಹತ್ತನೆಯದಕ್ಕೆ ಸೇರಲು 14 ತುಂಬಿರಬೇಕು, ಥಿಯರಿಯಲ್ಲಿ 20 ಪ್ರತಿಶತ ಅಂಕ ಮನೆಯಲ್ಲೇ ಬರೆದು ಕೊಡುವ ಅಸೈನ್‌ಮೆಂಟಿಗೆ (ಟಿಎಂಎ). ಇಷ್ಟು ಉದ್ದದ ದಾರಿಯಲ್ಲಿ ಎಲ್ಲಿದ್ದೇವೆ ಅಂತ ನೋಡಲು ಇದರಲ್ಲಿ ಒಂದು ಪುಟವೂ ಇಲ್ಲ. ಪ್ರತಿ ವಿಷಯಕ್ಕೂ ಪಾಠಗಳ ಪಟ್ಟಿ ಬರೆದು ಹಿಂದಿನ ರಟ್ಟಿನ ಒಳಗೆ ಅಂಟಿಸಿದ್ದೇನೆ. ವಾರ ಮುಗಿದಾಗ ಅಲ್ಲಿ ಒಂದು ಗೆರೆ. 40 ವಾರ ಮುಗಿದ ಮೇಲೂ ನಮಗೆ ಪಾಠ ನಿಲ್ಲುವುದಿಲ್ಲ, ಉಳಿದ ವಾರಗಳಿಗೆ ಬಿಡಿ ಹಾಳೆಯೇ ಗತಿ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ದಿನದ ಹೆಸರು ತೆಗೆದು, ವರ್ಷದ ಪುಟ ಒಂದು ಹಾಕಿದರೆ ನಾಲ್ಕೂವರೆ. ಕೊಳ್ಳುವವರು ಪುಣೆಯ ಪುಸ್ತಕದಂಗಡಿಗಳ ಜಾಗವಾದ ಅಪ್ಪಾ ಬಳವಂತ ಚೌಕಿಗೆ ಹೋಗಿ ಪುಟ ತಿರುಗಿಸಿ ನೋಡಿ ತನ್ನಿ, ಆನ್‌ಲೈನ್ ಫೋಟೋದಲ್ಲಿ ಚೌಕದ ಅಳತೆ ತಿಳಿಯುವುದಿಲ್ಲ. ಜೂನ್‌ನಲ್ಲಿ ಮಾತ್ರ ಹೋಗಬೇಡಿ. ಶಾಲೆ ಶುರುವಾಗುವ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಂಗಡಿಯವರಿಗೆ ಎರಡು ಪ್ಲಾನರ್ ಬಿಚ್ಚಿ ತೋರಿಸುವಷ್ಟು ಪುರುಸೊತ್ತೂ ಇರುವುದಿಲ್ಲ.