ಮಂಡಳದ ಲ್ಯಾಪ್‌ಟಾಪಿಗೆ ಯಾವ ಆಫೀಸ್? ಮೂರನ್ನೂ ಬಳಸಿ ನೋಡಿದೆ

ಶಿರಸಿ ಹತ್ತಿರದ ನಮ್ಮೂರ ಯುವಕ ಮಂಡಳದ ಲ್ಯಾಪ್‌ಟಾಪ್ ನೋಡಿಕೊಳ್ಳುವುದು ನಾನು. ಯಕ್ಷಗಾನದ ಕರಪತ್ರ, ವಂತಿಗೆ ಲೆಕ್ಕ, ಪಂಚಾಯ್ತಿಗೆ ಅರ್ಜಿ ಎಲ್ಲ ಅದರಲ್ಲೇ.

ಮೊದಲಿದ್ದದ್ದು ಮೈಕ್ರೋಸಾಫ್ಟ್ ಆಫೀಸಿನ ಕ್ರ್ಯಾಕ್ ಕಾಪಿ, ಅಂದರೆ ದುಡ್ಡು ಕೊಡದೆ ಹಾಕಿದ ಕಳ್ಳಪ್ರತಿ. ಕೆಲಸವೇನೋ ಆಗುತ್ತಿತ್ತು. ಒಂದು ದಿನ ಪೆನ್‌ಡ್ರೈವ್ ತೆರೆದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ವೈರಸ್ ಎಲ್ಲಿಂದ ಬಂತೋ ಹೇಳಲಾರೆ. ಆದರೆ ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆಫ್ ಮಾಡಿದ್ದು ನಾವೇ. ವಂತಿಗೆ ಪಟ್ಟಿಯನ್ನು ರಸೀದಿ ಪುಸ್ತಕ ನೋಡಿ ಮತ್ತೆ ಬರೆಯಬೇಕಾಯಿತು.

ಆಮೇಲೆ ವರ್ಷದ ಚಂದಾ ಕಟ್ಟಿ ಅಸಲಿಯನ್ನೇ ತಂದೆವು. ಅದು ಒಳ್ಳೆಯದೇ, ಹೊರಗಿಂದ ಬಂದ ಫೈಲ್ ಇದ್ದ ಹಾಗೇ ತೆರೆಯುತ್ತಿತ್ತು. ಚಂದಾ ಮುಗಿದ ಮೇಲೆ ಮಾತ್ರ ನಮ್ಮದೇ ಲೆಕ್ಕವನ್ನು ಓದಬಹುದಿತ್ತು, ತಿದ್ದುವಂತಿರಲಿಲ್ಲ.

ಈಗಿರುವುದು ಲಿನಕ್ಸ್ ಮಿಂಟ್ (ವಿಂಡೋಸ್ ಬದಲು ಹಾಕುವ ಉಚಿತ ಆಪರೇಟಿಂಗ್ ಸಿಸ್ಟಮ್) ಮತ್ತು ಲಿಬ್ರೆಆಫೀಸ್ ಅನ್ನುವ ಉಚಿತ ಆಫೀಸ್. 4 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪ್, ಆರಾಮಾಗಿ ಓಡುತ್ತಿದೆ. ನನಗೆ ತುಂಬಾ ಹಿಡಿಸಿದ್ದು ಕನ್ನಡ ಟೈಪಿಂಗ್. ಕೀಬೋರ್ಡ್ ಸೆಟ್ಟಿಂಗಿನಲ್ಲೇ ಕಗಪ ಅನ್ನುವ ಕನ್ನಡ ಕೀಲಿ ಜೋಡಣೆ ಇದೆ, ಬೇರೇನೂ ಹಾಕಿಕೊಳ್ಳಬೇಕಿಲ್ಲ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಪಳಗಿದ ಕೈಗೆ ಹೆಚ್ಚೇನೂ ಹೊಸದು ಅನ್ನಿಸುವುದಿಲ್ಲ. ಎಫ್ ಕೀಲಿ ಒತ್ತಿದರೆ ಅದೇ ಒತ್ತಕ್ಷರ. ಬರುವುದೆಲ್ಲ ಯೂನಿಕೋಡ್, ಅಂದರೆ ಯಾವ ಫೋನು, ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಅಕ್ಷರ. ಹಿಂದೆ ನುಡಿಯ ಹಳೇ ಫಾಂಟಿನಲ್ಲಿ ಮಾಡಿದ ಕರಪತ್ರವನ್ನು ವಾಟ್ಸಾಪಿಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತಿತ್ತು. ಈಗ ಪಾತ್ರವರ್ಗದ ಹೆಸರೆಲ್ಲ ಸರಿಯಾಗಿ ಕಾಣುತ್ತವೆ.

ಕೊರತೆ ಇಲ್ಲ ಅಂತಲ್ಲ. ವರ್ಡಿನಲ್ಲಿ ಮಾಡಿದ ಟೇಬಲ್ ಇಲ್ಲಿ ಕೆಲವೊಮ್ಮೆ ಜಾರುತ್ತದೆ. ಪ್ರೆಸ್ಸಿಗೆ ಪಿಡಿಎಫ್ ಮಾಡಿಯೇ ಕೊಡಬೇಕು. ಸೊಸೈಟಿ ಲೆಕ್ಕವನ್ನು ಟ್ಯಾಲಿ ಅನ್ನುವ ಲೆಕ್ಕಪತ್ರದ ತಂತ್ರಾಂಶದಲ್ಲಿ ಬರೆಯುವವರಿಗೆ ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ.

ಆದರೂ ಕೇಳಿದವರಿಗೆ ಸಂಘ, ಗುಂಪುಗಳು ಮುಕ್ತ ತಂತ್ರಾಂಶವನ್ನೇ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದದ್ದು) ಮೊದಲು ಹೇಳಬೇಕು. ನಮ್ಮ ಕಡೆ 'ಯಾವುದು ಹಾಕ್ಲಿ?' ಅಂತ ಕೇಳಿದವರಿಗೆ ಚಂದಾ ಕಟ್ಟು ಅನ್ನುವವರು ಕಡಿಮೆ. 'ಪೆನ್‌ಡ್ರೈವ್ ತಗೊಂಡು ಬಾ' ಅನ್ನುವವರೇ ಜಾಸ್ತಿ. ನಾವು ಸುಮ್ನಿದ್ದರೆ ಹರಡುವುದು ಕ್ರ್ಯಾಕ್ ತಾನೇ? ಲಿಬ್ರೆಆಫೀಸನ್ನೂ ಪೆನ್‌ಡ್ರೈವಿನಲ್ಲೇ ಹಂಚಬಹುದು, ಅದರ ಲೈಸೆನ್ಸೇ ಅದಕ್ಕೆ ಅನುಮತಿ ಕೊಡುತ್ತದೆ. 2010ರಲ್ಲಿ ಓಪನ್‌ಆಫೀಸ್ ಅನ್ನುವ ಮುಕ್ತ ಆಫೀಸ್ ಒರಾಕಲ್ ಕಂಪನಿಯ ಕೈಗೆ ಹೋದಾಗ, ಅದಕ್ಕೆ ದುಡಿಯುತ್ತಿದ್ದ ಅನೇಕರು ಅದೇ ಕೋಡ್ ಇಟ್ಟುಕೊಂಡು ಲಿಬ್ರೆಆಫೀಸ್ ಕಟ್ಟಿದರು. ಕದ್ದ ಕಾಪಿಯಲ್ಲಿ ಅಂಥ ಹಕ್ಕು ಎಲ್ಲಿಂದ ಬರಬೇಕು?

ಕಳೆದ ವಾರ ಪಕ್ಕದೂರಿನ ಮಹಿಳಾ ಸಂಘದ ಅಕ್ಕ ಪೆನ್‌ಡ್ರೈವ್ ಹಿಡಿದು ಬಂದಿದ್ದರು. ಅವರದು ವಿಂಡೋಸ್, ಅದಕ್ಕೂ ಲಿಬ್ರೆಆಫೀಸ್ ಇದೆ. ತುಂಬಿಸಿ ಕೊಟ್ಟೆ. ಮೆನು ಕನ್ನಡದಲ್ಲೇ ಬರುವ ಹಾಗೆ ಮಾಡುವುದನ್ನೂ ತೋರಿಸಿದೆ.