ಹರಿಗೋಲೋ ದೋಣಿಯೋ: ಚಳಿಗಾಲದಲ್ಲಿ ಗಾಳ ಹಾಕಲು ಹೊರಡುವ ಇಬ್ಬರಿಗೆ

ಗೆಳೆಯನೊಡನೆ ಡಿಸೆಂಬರ್‌ನಲ್ಲಿ ಒಂದು ದಿನ ಗಾಳ ಹಾಕಲು ಹೊರಡುವವರಿಗೆ ತುಂಗಭದ್ರೆಯ ಹರಿಗೋಲು, ಹೊನ್ನಾವರದ ಶರಾವತಿ ಅಳಿವೆಯ ದೋಣಿ ಎರಡೂ ಒಳ್ಳೆಯ ಆಯ್ಕೆಗಳೇ ಆದರೂ ಅವುಗಳ ಸ್ವಭಾವ ಬೇರೆ ಬೇರೆ. ಬಿದಿರಿನ ಹೆಣಿಗೆಯ ಹರಿಗೋಲಿಗೆ ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುತ್ತಾರೆ. ಅಡಿ ಚಪ್ಪಟೆಯಾದುದರಿಂದ ಬಂಡೆಗಳ ನಡುವಿನ ಮೊಣಕಾಲುದ್ದದ ನೀರಿನಲ್ಲೂ ಅದು ಸಾಗುತ್ತದೆ. ಆದರೆ ಇಬ್ಬರೂ ಎದುರುಬದುರು ಕೂರಬೇಕು, ಮೀನು ಕಚ್ಚಿತೆಂದು ಒಬ್ಬ ಥಟ್ಟನೆ ಎದ್ದರೆ ಅಂಚು ನೀರಿಗೆ ತಾಗುತ್ತದೆ, ಹುಟ್ಟು ಹಾಕುವವನು ಕೈಬಿಟ್ಟ ಕೂಡಲೇ ಹರಿಗೋಲು ಗಿರಗಿರನೆ ತಿರುಗಿ ಗಾಳದ ದಾರವೆಲ್ಲ ಸಿಕ್ಕಾಗುತ್ತದೆ. ಹಾಗಾಗಿ ಒಬ್ಬನಿಗಷ್ಟೇ ಬೇಟೆ, ಇನ್ನೊಬ್ಬನಿಗೆ ಚಾಕರಿ.

ದೋಣಿಯಲ್ಲಾದರೆ ಲಂಗರು ಇಳಿಸಿ ಇಬ್ಬರೂ ಗಾಳ ಹಾಕಬಹುದು. ಮರಳು ತಳದಲ್ಲಿ ಕಾಣೆ ಮೀನು ಸಿಕ್ಕರಂತೂ ಮಧ್ಯಾಹ್ನದ ಊಟದ ಮಾತೇ ಬೇರೆ. ಅಲ್ಲಿ ಗಡಿಯಾರಕ್ಕಿಂತ ದಿನಕ್ಕೆ 2 ಬಾರಿ ಬರುವ ಭರತವನ್ನು, ಅಂದರೆ ಕಡಲ ನೀರಿನ ಏರಿಕೆಯನ್ನು, ನೋಡಿಕೊಂಡು ಹೊರಡಬೇಕು. ಚಳಿ ಮಾತ್ರ ತುಂಗಭದ್ರೆಯ ಬೆಳಗಿನಲ್ಲೇ ಹೆಚ್ಚು.

ಹಂಪಿಯ ಸುತ್ತಲಿನ ನದಿಪಾತ್ರವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿರುವುದರಿಂದ ಅಲ್ಲಿ ಅರಣ್ಯ ಇಲಾಖೆಯನ್ನು ಕೇಳದೆ ಗಾಳ ಹಾಕಬಾರದು. ಈಜು ಬಾರದ ಗೆಳೆಯ ಜೊತೆಗಿದ್ದರೆ ನಾನು ದೋಣಿಯನ್ನೇ ಆರಿಸುತ್ತೇನೆ.